ಅಳಿವೆಯ ಊರುಗಳು: ಹೊನ್ನಾವರವೋ, ಮಿರ್ಜಾನವೋ, ಬಸ್ರೂರೋ, ಬಾರ್ಕೂರೋ?

ಬಸ್ರೂರಿಗೆ ಮೊದಲ ಸಲ ಹೋದಾಗ ಉರಿಬಿಸಿಲಿನಲ್ಲಿ ಒಂದು ಗಂಟೆ ಬಂದರು ಹುಡುಕಿದ್ದೆ. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದ ಊರು, ಶಿವಾಜಿ ಹಡಗುಪಡೆ ಕಟ್ಟಿಕೊಂಡು ಬಂದು ದೋಚಿದ ಊರು. ಒಂದು ಧಕ್ಕೆಯಾದರೂ, ಒಂದು ಉಗ್ರಾಣದ ಗೋಡೆಯಾದರೂ ಇರಬೇಡವೇ? ತೆಂಗಿನಕಾಯಿ ರಾಶಿ ಹಾಕುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. ಅವರು ತೋಟದ ಆಚೆಗೆ ಕೈತೋರಿಸಿ, "ಹೊಳೆ ಉಂಟು, ಬಂದರು ಈಗ ಇಲ್ಲ" ಎಂದರು. ಮತ್ತೆ ಕಾಯಿ ಎಣಿಸತೊಡಗಿದರು.

ಕರಾವಳಿಯ ಹಳೆಯ ನದಿ ಬಂದರುಗಳನ್ನು ನೋಡಲು ಹೊರಡುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೆಚ್ಚಿನ ಕಡೆ ಬಂದರು ಹೋಗಿದೆ, ಹೊಳೆ ಉಳಿದಿದೆ. ಹೀಗಿರುವಾಗ ನಾಲ್ಕು ಊರುಗಳಲ್ಲಿ ಒಂದನ್ನು ಆರಿಸಬೇಕಾದವರು ಕೋಟೆ ಎಷ್ಟು ದೊಡ್ಡದು, ದೇವಸ್ಥಾನ ಎಷ್ಟು ಹಳೆಯದು ಎಂದು ಲೆಕ್ಕ ಹಾಕುವ ಮೊದಲು, ಅಲ್ಲಿನ ಹೊಳೆಯ ಮೇಲೆ ಎಷ್ಟು ಹೊತ್ತು ಕಳೆಯಬಹುದು ಎಂದು ಕೇಳಿಕೊಳ್ಳಬೇಕು. ಹಲವು ವರ್ಷಗಳಿಂದ ಈ ನಾಲ್ಕೂ ಊರುಗಳಿಗೆ ಹೋಗಿಬಂದ ಮೇಲೆ ನನಗೆ ಉಳಿದಿರುವ ಅಳತೆಗೋಲು ಇದೊಂದೇ.

ಅವಸರದಲ್ಲಿರುವವರಿಗೆ ತೀರ್ಪನ್ನು ಇಲ್ಲೇ ಕೊಡುತ್ತೇನೆ. ಎರಡು ದಿನ ಕೈಯಲ್ಲಿದ್ದು, ಇಂಥ ಊರಿಗೆ ಇದೇ ಮೊದಲ ಸಲವಾದರೆ ಹೊನ್ನಾವರ. ಮಕ್ಕಳ ಜೊತೆ ಗೋಕರ್ಣಕ್ಕೆ ಹೊರಟವರಿಗೆ ದಾರಿಯಲ್ಲಿ ಅರ್ಧ ದಿನವಿದ್ದರೆ ಮಿರ್ಜಾನ. ಇತಿಹಾಸ ಓದಿಕೊಂಡಿರುವ, ಕಣ್ಣಿಗೆ ಕಾಣದ್ದನ್ನು ಊಹಿಸಿಕೊಂಡು ನಡೆಯಬಲ್ಲವರಿಗೆ ಬಸ್ರೂರು. ಶಾಸನ, ಬಸದಿ, ದೇವಸ್ಥಾನಗಳ ಹುಚ್ಚಿರುವವರಿಗೆ ಬಾರ್ಕೂರು. ಕಾರಣ ಬೇಕಾದವರು ಮುಂದೆ ಓದಿ.

ಬಂದರು ಹೊಳೆಯೊಳಗೇಕೆ?

ಮಂಗಳೂರಿನಿಂದ ಕಾರವಾರದವರೆಗೆ ಹಳೆಯ ಬಂದರುಗಳ ಪಟ್ಟಿ ಮಾಡಿದರೆ ಬಹುಪಾಲು ಊರುಗಳು ಯಾವುದಾದರೊಂದು ಹೊಳೆಯ ಅಳಿವೆಯಲ್ಲಿ ಅಥವಾ ಅಳಿವೆಯಿಂದ ತುಸು ಒಳಗೆ ಸಿಗುತ್ತವೆ. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಯಾರ ಮಾತನ್ನೂ ಕೇಳುವುದಿಲ್ಲ. ಆ ಕೆಲವು ತಿಂಗಳು ಹಾಯಿದೋಣಿಗಳಿಗೆ ಆಸರೆ ಬೇಕು. ಅದು ಸಿಗುವುದು ಹೊಳೆಯೊಳಗೆ. ಸರಕು ಬರುವುದೂ ಹೊಳೆಯ ಮೇಲೆಯೇ. ಘಟ್ಟದ ಮೆಣಸು ಹೇರೆತ್ತುಗಳ ಮೇಲೆ ಬುಡಕ್ಕೆ ಇಳಿದು, ಅಲ್ಲಿಂದ ದೋಣಿ ಹತ್ತುತ್ತಿತ್ತು. ಉಬ್ಬರದ ನೀರು ದೋಣಿಯನ್ನು ಮೇಲಕ್ಕೆ ಒಯ್ಯುತ್ತದೆ, ಇಳಿತದ ನೀರು ಕೆಳಕ್ಕೆ ತರುತ್ತದೆ. ಪುಕ್ಕಟೆ ಸಾಗಾಟ.

ಆದ್ದರಿಂದ ಒಂದು ನದಿ ಬಂದರು ಎಂದರೆ ಒಂದೇ ಊರಲ್ಲ, ಒಂದು ಜೋಡಿ. ಅಳಿವೆಯಲ್ಲಿ ಒಂದು ಊರು, ಘಟ್ಟದ ಬುಡದಲ್ಲಿ ಇನ್ನೊಂದು. ಹೊನ್ನಾವರಕ್ಕೆ ಗೇರುಸೊಪ್ಪ ಹಾಗೆ. ಈ ಜೋಡಿಯನ್ನು ಇಡಿಯಾಗಿ ನೋಡಲು ಸಾಧ್ಯವಿರುವ ಕಡೆ ಪ್ರವಾಸಕ್ಕೆ ಅರ್ಥ ಬರುತ್ತದೆ ಎಂಬುದು ನನ್ನ ಹಟ.

ಬಂದರುಗಳು ಸೊರಗಿದ್ದಕ್ಕೂ ಹೊಳೆಯೇ ಕಾರಣ. ಅಳಿವೆಯ ಬಾಯಲ್ಲಿ ಮರಳು ದಿಣ್ಣೆಯಾಗುತ್ತದೆ. ಸಣ್ಣ ದೋಣಿಗೆ ಅದು ಲೆಕ್ಕಕ್ಕಿಲ್ಲ, ದೊಡ್ಡ ಹಡಗಿಗೆ ಬಾಗಿಲು ಹಾಕಿದಂತೆ. ಹಡಗುಗಳು ಬೆಳೆದಂತೆ ಅಳಿವೆಗಳು ಕಿರಿದಾದವು. ಉಳಿದದ್ದನ್ನು ರಸ್ತೆ ಮುಗಿಸಿತು.

ಹೊನ್ನಾವರ ಮತ್ತು ಗೇರುಸೊಪ್ಪ

ಹೊನ್ನಾವರದ ಬಗ್ಗೆ ಬರೆದವರ ಸಾಲು ದೊಡ್ಡದು. 14ನೇ ಶತಮಾನದ ನಡುಭಾಗದಲ್ಲಿ ಬಂದ ಇಬ್ನ್ ಬತೂತ ಇಲ್ಲಿ ಹುಡುಗರಿಗೆ 23 ಶಾಲೆಗಳು, ಹುಡುಗಿಯರಿಗೆ 13 ಶಾಲೆಗಳು ಇದ್ದವೆಂದು ಬರೆದಿಟ್ಟಿದ್ದಾನೆ. ದೇಶ ದೇಶ ಸುತ್ತಿದವನು ಎಣಿಸಿ ಬರೆಯಲು ಆರಿಸಿಕೊಂಡದ್ದು ಹೆಣ್ಣುಮಕ್ಕಳ ಶಾಲೆಗಳನ್ನು ಎಂಬುದು ನನಗೆ ಇಂದಿಗೂ ಸಂತೋಷದ ಸಂಗತಿ. ವಿಜಯನಗರದ ಕಾಲದಲ್ಲಿ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳದ ಜೊತೆ ಇದರ ಹೆಸರೂ ಇದೆ. 1510ರಲ್ಲಿ ಪೋರ್ಚುಗೀಸ್ ದಳಪತಿ ಅಲ್ಬುಕರ್ಕ್ ಗೋವೆಯನ್ನು ಹಿಡಿದಾಗ ಅವನಿಗೆ ದಾರಿ ತೋರಿಸಿದ ತಿಮ್ಮೋಜ ಈ ಊರಿನ ಕಡೆಯ ಕಡಲ ನಾಯಕ. ಆಮೇಲೆ ಪೋರ್ಚುಗೀಸರು ಇಲ್ಲಿಯೇ ಕೋಟೆ ಹಿಡಿದು ಕೂತರು. 1783–84ರಲ್ಲಿ ಟಿಪ್ಪುವಿನ ಸೈನ್ಯ ಇಲ್ಲಿನ ಕೋಟೆಯಲ್ಲಿದ್ದ ಇಂಗ್ಲಿಷರನ್ನು ತಿಂಗಳುಗಟ್ಟಲೆ ಮುತ್ತಿತ್ತು.

ಇಷ್ಟೆಲ್ಲ ಓದಿಕೊಂಡು ಊರಿಗೆ ಇಳಿದರೆ ಕಾಣುವುದು ಬಸ್ ನಿಲ್ದಾಣ, ಹೆದ್ದಾರಿಯ ಲಾರಿಗಳು, ಮೀನಿನ ವಾಸನೆ. ಕೋಟೆ ನೋಡಲೆಂದೇ ಹೊನ್ನಾವರಕ್ಕೆ ಹೋಗಬೇಡಿ. ಪೇಟೆಯೊಳಗೆ ಅರ್ಧ ದಿನ ಕಳೆಯುವಂಥದ್ದು ಏನೂ ಇಲ್ಲ. ಮೀನುಗಾರಿಕೆಯ ಬಂದರಿನಲ್ಲಿ ಬೆಳಗ್ಗೆ ಒಂದು ಗಂಟೆ ನಿಂತು ದೋಣಿಗಳು ಬರುವುದನ್ನು ನೋಡಿದರೆ ಸಾಕು. ಸೇತುವೆಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ಶರಾವತಿ ಕಡಲು ಸೇರುವ ಜಾಗ ಕಾಣುತ್ತದೆ. ಅಲ್ಲಿನ ಮರಳು ದಿಣ್ಣೆ ಈಗಲೂ ಮೀನುಗಾರರ ದೋಣಿಗಳನ್ನು ಕಾಡುತ್ತದೆ.

ಇಲ್ಲಿಂದ ಮುಂದೆ ಹೊನ್ನಾವರ ಗೆಲ್ಲುತ್ತದೆ. ಗೇರುಸೊಪ್ಪದವರೆಗಿನ ಸುಮಾರು 30 ಕಿಲೋಮೀಟರ್ ಹೊಳೆಯೇ ಇಲ್ಲಿನ ನಿಜವಾದ ಸ್ಮಾರಕ. 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ, ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರದ ಜೊತೆ ಇದೇ ದಾರಿಯಲ್ಲಿ ದೋಣಿ ಹತ್ತಿ ಹೋದ. ತಾನು ಕಂಡ ನದಿಗಳಲ್ಲಿ ಇಷ್ಟು ಚೆಲುವಾದದ್ದು ಇನ್ನೊಂದಿಲ್ಲ ಎಂಬ ಅರ್ಥದ ಮಾತು ಬರೆದ. ನೈಲ್ ನದಿಯನ್ನು ಕಂಡು ಬಂದಿದ್ದ ಮನುಷ್ಯ ಹೇಳಿದ ಮಾತಿದು. ಅವನು ಗೇರುಸೊಪ್ಪ ಮುಟ್ಟುವ ಹೊತ್ತಿಗೆ ಆ ನಗರ ಬಿದ್ದು ಇಪ್ಪತ್ತು ವರ್ಷ ಕೂಡ ಆಗಿರಲಿಲ್ಲ. ಆಗಲೇ ಅರಮನೆಯ ಜಾಗದಲ್ಲಿ ಮರಗಳು ಎದ್ದಿದ್ದವು.

ಆ ನಗರದ ಒಡತಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ ಆಳಿದಳೆಂದು ಹೇಳುತ್ತಾರೆ. ಮೆಣಸಿನ ವ್ಯಾಪಾರ ಅವಳ ಕೈಯಲ್ಲಿದ್ದ ಕಾರಣ ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಎಂದರು. ಕೊನೆಗೆ ಅವಳನ್ನು ಸೋಲಿಸಿದವನು ಅದೇ ವೆಂಕಟಪ್ಪ ನಾಯಕ. ಈಗ ಅವಳ ಊರಿನಲ್ಲಿ ನೋಡಲೇಬೇಕಾದದ್ದು ಚತುರ್ಮುಖ ಬಸದಿ. ಹೆದ್ದಾರಿ ಬಿಟ್ಟು ಕಾಡಿನೊಳಗೆ ಹೋಗಬೇಕು. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ದಿಕ್ಕಿಗೆ ಮುಖ ಮಾಡಿ ಕುಳಿತ ತೀರ್ಥಂಕರರು. ಕಾರ್ಕಳದ ಗುಡ್ಡದ ಮೇಲೆ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಇದು ಅದರ ತಂಗಿಯಂತೆ ಕಾಣಬಹುದು. ಆದರೆ ಕಾರ್ಕಳದ್ದು ಊರಿಗೆಲ್ಲ ಕಾಣುವಂತೆ ನಿಂತಿದೆ. ಇದು ಮರಗಳ ನಡುವೆ, ಮರೆತು ಹೋದವರ ಹಾಗೆ. ಮಳೆಗಾಲದಲ್ಲಿ ಹೋದರೆ ಉಂಬಳ ಹತ್ತುತ್ತದೆ. ಜೇಬಿನಲ್ಲಿ ಸುಣ್ಣವೋ ಉಪ್ಪೋ ಇರಲಿ.

ಒಂದು ಎಚ್ಚರಿಕೆ. ದೆಲ್ಲಾ ವಾಲೆ ಕಂಡ ಹೊಳೆ ಈಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಈ ಶತಮಾನದ ಆರಂಭದ ಹೊತ್ತಿಗೆ ಗೇರುಸೊಪ್ಪದಲ್ಲಿ 240 ಮೆಗಾವಾಟ್ ವಿದ್ಯುದಾಗಾರ ಬಂತು. ಕೆಳಗಿನ ಶರಾವತಿಯಲ್ಲಿ ಬೇಸಿಗೆಯಲ್ಲಿಯೂ ನೀರು ಹರಿಯುತ್ತದೆ, ಆದರೆ ಅದು ವಿದ್ಯುತ್ ಉತ್ಪಾದನೆಯನ್ನು ಅನುಸರಿಸಿ ಬರುವ ನೀರು. ಬೆಂಗಳೂರಿನ ಫ್ಯಾನು ತಿರುಗಿದಂತೆ ಇಲ್ಲಿನ ಹೊಳೆ ಏರುತ್ತದೆ ಎಂದು ನಾನು ತಮಾಷೆ ಮಾಡಿದರೆ ದಡದವರು ನಗುವುದಿಲ್ಲ. ದೋಣಿಯವರ ಮಾತನ್ನು ಕೇಳದೆ ಗೇರುಸೊಪ್ಪದ ಆಸುಪಾಸಿನಲ್ಲಿ ಸ್ನಾನಕ್ಕೆ ಇಳಿಯಬೇಡಿ.

ದೋಣಿ ವಿಹಾರಗಳು ಹೊನ್ನಾವರದ ಹತ್ತಿರದ ಹಿನ್ನೀರಿನಲ್ಲಿ ಸಿಗುತ್ತವೆ. ಹೋಗುವ ಮೊದಲು ಎರಡು ವಿಷಯ ಕೇಳಿ: ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇದೆಯೇ, ಮತ್ತು ದೋಣಿಯಲ್ಲಿ ಹಾಡು ಹಾಕುತ್ತಾರೆಯೇ. ಎರಡನೆಯದು ನನ್ನ ಸ್ವಂತ ಗಾಯ. ಒಮ್ಮೆ ಹಕ್ಕಿ ನೋಡುವ ಆಸೆಯಿಂದ ಹತ್ತಿದ ದೋಣಿಯಲ್ಲಿ ಒಂದು ಗಂಟೆ ಡೋಲಿನ ಹಾಡು ಕೇಳಿ ಇಳಿದಿದ್ದೇನೆ. ಕೊಕ್ಕರೆಗಳು ನಮಗಿಂತ ಮೊದಲೇ ಹಾರಿ ಹೋಗಿದ್ದವು. ಹಾಡು ಬೇಡವೆನ್ನುವವರಿಗೆ ಅರಣ್ಯ ಇಲಾಖೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ವನದ ನಡುವೆ ಹಾಕಿರುವ ಮರದ ಕಾಲುಹಾದಿ ಇದೆ. ಬೆಳಗ್ಗೆ ಬೇಗ ಹೋಗಿ, ಇಳಿತದ ಹೊತ್ತಿಗೆ. ನೀರು ಇಳಿದಾಗ ಬೇರುಗಳು ಕಾಣುತ್ತವೆ, ಏಡಿಗಳು ಹೊರಬರುತ್ತವೆ.

ಸುತ್ತಮುತ್ತಲಿನ ಆಯ್ಕೆಯಲ್ಲಿಯೂ ಹೊನ್ನಾವರಕ್ಕೆ ಎದುರಿಲ್ಲ. ಹೊಳೆಯ ತೆಂಕಣ ದಡದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಶುಚಿಯಾದ ಕಡಲತೀರಗಳಿಗೆ ಕೊಡುವ ನೀಲಿ ಧ್ವಜದ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ; ಶೌಚಾಲಯ, ಸ್ನಾನದ ಕೋಣೆ ಬೇಕೆನ್ನುವ ಕುಟುಂಬಗಳಿಗೆ ಅನುಕೂಲ. ಅಪ್ಸರಕೊಂಡದಲ್ಲಿ ಸಣ್ಣ ಜಲಪಾತ, ಮೇಲೆ ಹತ್ತಿದರೆ ಕಡಲ ನೋಟ. ಇಡಗುಂಜಿಯಲ್ಲಿ ಎರಡು ಕೈಗಳ ಗಣಪತಿ. ಗುಣವಂತೆ ಎಂದರೆ ಯಕ್ಷಗಾನ ಬಲ್ಲವರ ಕಿವಿ ನೆಟ್ಟಗಾಗುತ್ತದೆ: ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಮನೆ ಅಲ್ಲಿದೆ. ನೀವು ಹೋದ ರಾತ್ರಿ ಆಸುಪಾಸಿನಲ್ಲಿ ಎಲ್ಲಾದರೂ ಆಟ ಇದ್ದರೆ ಉಳಿದ ಕಾರ್ಯಕ್ರಮಗಳನ್ನೆಲ್ಲ ಪಕ್ಕಕ್ಕಿಟ್ಟು ಹೋಗಿ. ಜೋಗ ಸುಮಾರು 60 ಕಿಲೋಮೀಟರ್. ಜೋಗಕ್ಕೆ ಹೋಗುವ ದಾರಿಯಲ್ಲೇ ಗೇರುಸೊಪ್ಪ ಸಿಗುವುದರಿಂದ ಎರಡನ್ನೂ ಒಂದೇ ದಿನಕ್ಕೆ ತುರುಕಲು ಎಲ್ಲರಿಗೂ ಮನಸ್ಸಾಗುತ್ತದೆ. ಹಾಗೆ ಮಾಡಿದವರು ಬಸದಿಯಲ್ಲಿ ಕಾಲು ಗಂಟೆ ನಿಂತು ಓಡುತ್ತಾರೆ. ಜೋಗವನ್ನು ಇನ್ನೊಂದು ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಮಿರ್ಜಾನ ಮತ್ತು ಅಘನಾಶಿನಿ

ಹೊನ್ನಾವರದಿಂದ ಉತ್ತರಕ್ಕೆ ಕುಮಟಾ ಸುಮಾರು 20 ಕಿಲೋಮೀಟರ್. ಅಲ್ಲಿಂದ ಇನ್ನು ಹತ್ತು-ಹನ್ನೊಂದು ಕಿಲೋಮೀಟರ್ ಹೋದರೆ ಹೆದ್ದಾರಿಯ ಮಗ್ಗುಲಲ್ಲೇ ಮಿರ್ಜಾನ ಕೋಟೆ. ಹೊನ್ನಾವರದಲ್ಲಿ ಇಲ್ಲದ್ದು ಇಲ್ಲಿದೆ: ಕಣ್ಣಿಗೆ ಕಾಣುವ, ಕೈಯಿಂದ ಮುಟ್ಟುವ, ಹತ್ತಿ ಓಡಾಡುವ ಕೋಟೆ. ಚೀರೆಕಲ್ಲಿನ ಎತ್ತರದ ಗೋಡೆ, ಕಂದಕ, ದೊಡ್ಡ ಬಾವಿಗಳು, ಬುರುಜುಗಳು. ಮಕ್ಕಳನ್ನು ಬಿಟ್ಟರೆ ಒಂದು ಗಂಟೆ ನಿಮ್ಮ ತಂಟೆಗೆ ಬರುವುದಿಲ್ಲ. ಬಾವಿಗಳ ಹತ್ತಿರ ಮಾತ್ರ ಕಣ್ಣಿಟ್ಟಿರಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಗೋಡೆಗಳೆಲ್ಲ ಪಾಚಿ ಹೊದ್ದು ಹಸಿರಾಗಿರುತ್ತವೆ. ಛಾಯಾಚಿತ್ರಗಳಲ್ಲಿ ನೀವು ಕಂಡಿರುವುದು ಆ ಮಿರ್ಜಾನ. ಏಪ್ರಿಲ್‌ನಲ್ಲಿ ಅದೇ ಗೋಡೆ ಸುಟ್ಟ ಇಟ್ಟಿಗೆಯ ಬಣ್ಣದಲ್ಲಿ ಕಾದಿರುತ್ತದೆ. ಬೇಸಿಗೆಯಲ್ಲಿ ಹೋಗಿ, ಫೋಟೊದಲ್ಲಿ ಕಂಡಂತೆ ಇಲ್ಲ ಎಂದು ಕೊರಗಬೇಡಿ.

ಕೋಟೆ ಕಟ್ಟಿಸಿದವರು ಯಾರು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಜನ ಚೆನ್ನಭೈರಾದೇವಿಯ ಹೆಸರು ಹೇಳುತ್ತಾರೆ, ಬಿಜಾಪುರದ ಅಧಿಕಾರಿಯೊಬ್ಬನ ಹೆಸರು ಹೇಳುವವರೂ ಇದ್ದಾರೆ. ಪುರಾತತ್ವ ಇಲಾಖೆಯ ಉತ್ಖನನದಲ್ಲಿ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ನನಗೆ ಕೋಟೆಯ ಗೋಡೆಗಿಂತ ಆ ಪಿಂಗಾಣಿ ಚೂರು ಹೆಚ್ಚು ಮಾತಾಡುತ್ತದೆ. ಚೀನಾದಲ್ಲಿ ಬೆಂದ ಬಟ್ಟಲು ಕುಮಟೆಯ ಮಣ್ಣಿನಲ್ಲಿ ಒಡೆದು ಬಿದ್ದಿರಬೇಕಾದರೆ ಈ ಹೊಳೆಯ ನೀರು ಎಲ್ಲಿಯವರೆಗೆ ಕೈಚಾಚಿತ್ತು ನೋಡಿ.

ಆದರೂ ಮಿರ್ಜಾನ ಕೋಟೆಯೊಂದನ್ನೇ ನೋಡಿ ಕಾರು ಹತ್ತಿದವರು ಅರ್ಧ ಮಾತ್ರ ನೋಡಿದಂತೆ. ಶರಾವತಿ ಮತ್ತು ಅಘನಾಶಿನಿ ಅಕ್ಕಪಕ್ಕದ ಹೊಳೆಗಳು, ಸ್ವಭಾವ ಮಾತ್ರ ಬೇರೆ. ಅಘನಾಶಿನಿಗೆ ಅಣೆಕಟ್ಟು ಬಿದ್ದಿಲ್ಲ. ಮಳೆಗಾಲದಲ್ಲಿ ಅದು ಸಿಹಿಯಾಗಿ ಉಕ್ಕುತ್ತದೆ, ಬೇಸಿಗೆಯಲ್ಲಿ ಸಮುದ್ರದ ಉಪ್ಪು ನೀರನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಈ ಏರಿಳಿತದ ಮೇಲೆ ಒಂದು ಬದುಕೇ ನಿಂತಿದೆ. ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವ ಹೆಂಗಸರು. ಸಾಣಿಕಟ್ಟೆಯಲ್ಲಿ ಉಪ್ಪಿನ ಪಾತಿಗಳು. ಶರಾವತಿಯ ಅಳಿವೆಗೆ ವರ್ಷವಿಡೀ ಸಿಹಿನೀರು ಬರುವುದರಿಂದ ಅಲ್ಲಿ ಬಳಚು ಇಷ್ಟು ಸಿಗುವುದಿಲ್ಲ. ಅಘನಾಶಿನಿಯ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಫಲಕ ಹಾಕುವ ಮೊದಲೂ ಅದರ ಬೆಲೆ ಬಳಚು ಆರಿಸುವವರಿಗೆ ಗೊತ್ತಿತ್ತು.

ಇದನ್ನೆಲ್ಲ ನೋಡಲು ಟಿಕೆಟ್ ಕೌಂಟರ್ ಇಲ್ಲ. ಗೋಕರ್ಣದ ಕಡೆಯಿಂದ ತದಡಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಎದುರು ದಡದ ಅಘನಾಶಿನಿ ಊರಿಗೆ ದಾಟುವುದು ನನ್ನ ಇಷ್ಟದ ದಾರಿ. ದಾಟುವ ಜನರಲ್ಲಿ ಪೇಟೆಗೆ ಹೊರಟವರು, ಮೀನಿನ ಬುಟ್ಟಿಯವರು ಇರುತ್ತಾರೆ. ಪ್ರವಾಸಿಗನಾಗಿ ನೀವೊಬ್ಬರೇ ಇದ್ದರೂ ಆಶ್ಚರ್ಯವಿಲ್ಲ. ಬಳಚು ಆರಿಸುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಒಂದು ಮಾತು ಕೇಳಿ. ಅದು ಅವರ ಕೆಲಸದ ಹೊತ್ತು.

ಬೇಸಿಗೆಯಲ್ಲಿ ಈ ದಾರಿಯಲ್ಲಿ ಬಂದರೆ ಕುಮಟೆಯ ಹತ್ತಿರ ಹೆದ್ದಾರಿಯ ಬದಿಗೆ ಜಡೆ ಹೆಣೆದಂತೆ ತೂಗುಹಾಕಿದ ಸಿಹಿ ಈರುಳ್ಳಿ ಕಾಣುತ್ತದೆ. ಒಂದು ಗೊಂಚಲು ತನ್ನಿ. ಹಸಿಯಾಗಿಯೇ ತಿನ್ನಬಹುದು.

ಬಸ್ರೂರು: ಕಾಣದ ಬಂದರು

ಮೊದಲ ಭೇಟಿಯ ನಿರಾಶೆಯ ಮೇಲೆ ನಾನು ಬಸ್ರೂರಿಗೆ ಮೂರು ಸಲ ಹೋಗಿದ್ದೇನೆ. ಇದು ವಾರಾಹಿ ಹೊಳೆಯ ದಡದ ಊರು, ಕುಂದಾಪುರದಿಂದ ಒಳಕ್ಕೆ ಆರೇಳು ಕಿಲೋಮೀಟರ್. ಕಡಲು ಕಾಣುವುದೇ ಇಲ್ಲ. ಆದರೆ ಗೋವೆಯ ಪೋರ್ಚುಗೀಸರ ಅನ್ನ ಇಲ್ಲಿಂದ ಹೋಗುತ್ತಿತ್ತು. ಕೆನರಾದ ಅಕ್ಕಿ ಮಸ್ಕತ್, ಹೊರ್ಮುಜ್‌ವರೆಗೂ ಹೋಗುತ್ತಿತ್ತು. ಹೊನ್ನಾವರ ಮೆಣಸಿನ ಬಂದರಾದರೆ ಬಸ್ರೂರು ಅಕ್ಕಿಯ ಬಂದರು. ಮೆಣಸಿನ ಸುತ್ತ ರಾಣಿಯರ ಕಥೆ ಹುಟ್ಟುತ್ತದೆ, ಅಕ್ಕಿಯ ಸುತ್ತ ವ್ಯಾಪಾರಿಗಳ ಲೆಕ್ಕ ಮಾತ್ರ. ಬಸ್ರೂರಿಗೆ ಪ್ರಚಾರ ಕಡಿಮೆಯಾಗಲು ಇದೂ ಒಂದು ಕಾರಣವಿರಬಹುದು.

ಹಾಗೆಂದು ಆ ಲೆಕ್ಕದಲ್ಲಿ ಸ್ವಾರಸ್ಯವಿಲ್ಲವೆಂದಲ್ಲ. ಶಾಸನಗಳಲ್ಲಿ ಇಲ್ಲಿನ ಮೂಡುಕೇರಿ, ಪಡುಕೇರಿಗಳ ಸೆಟ್ಟಿಕಾರರು, ಅಂದರೆ ವ್ಯಾಪಾರಿ ಮುಖಂಡರು, ಬರುತ್ತಾರೆ. ಊರಿನ ಆಡಳಿತದಲ್ಲಿ ಅವರ ಮಾತು ನಡೆಯುತ್ತಿತ್ತು. ಕೇರಿಗಳ ಹೆಸರು ಇಂದಿಗೂ ಉಳಿದಿದೆ. ಐನೂರು ವರ್ಷದ ಹಿಂದಿನ ಶಾಸನದ ವಿಳಾಸಕ್ಕೆ ಇಂದು ಆಟೊ ಹಿಡಿದು ಹೋಗಬಹುದಾದ ಊರು ಎಷ್ಟಿವೆ? ಮಹಾಲಿಂಗೇಶ್ವರ ದೇವಸ್ಥಾನದಿಂದ ಶುರು ಮಾಡಿ ಕೇರಿಯಿಂದ ಕೇರಿಗೆ ನಡೆಯುವುದೇ ಇಲ್ಲಿ ನೋಡುವ ಕ್ರಮ. ತುಳುವೇಶ್ವರನನ್ನು ತಪ್ಪಿಸಬೇಡಿ: ಗುಡಿಯನ್ನು ಮರದ ಬೇರುಗಳು ಅಪ್ಪಿಹಿಡಿದಿವೆ, ಬೇರುಗಳ ನಡುವೆ ಲಿಂಗ. ಗುಡಿ ಮರವನ್ನು ಹಿಡಿದಿದೆಯೋ ಮರ ಗುಡಿಯನ್ನು ಹಿಡಿದಿದೆಯೋ ಹೇಳುವುದು ಕಷ್ಟ.

1665ರ ಫೆಬ್ರವರಿಯಲ್ಲಿ ಶಿವಾಜಿ 85 ಸಣ್ಣ ಹಡಗು, ಮೂರು ದೊಡ್ಡ ಹಡಗುಗಳೊಂದಿಗೆ ಬಂದು ಬಸ್ರೂರನ್ನು ದೋಚಿ, ಹಿಂತಿರುಗುವಾಗ ಗೋಕರ್ಣದಲ್ಲಿ ಸ್ನಾನ ಮಾಡಿಕೊಂಡು ಹೋದ. ಅಷ್ಟು ಹಡಗು ಕಟ್ಟಿಕೊಂಡು ಬರಬೇಕಾದರೆ ದೋಚಲು ಏನೋ ಇದ್ದಿರಲೇಬೇಕು ಎಂಬುದೇ ಈ ಊರಿನ ಸಿರಿಗೆ ಸಾಕ್ಷಿ. ಸಂಜೆ ಹೊಳೆಯ ಅಂಚಿಗೆ ಹೋಗಿ ಕೂತರೆ ಈಗ ಕಾಣುವುದು ಒಂದೆರಡು ಪಾತಿದೋಣಿ, ಆಚೆ ಹೊಳೆ ನಡುವಿನ ಕುದ್ರುವಿನ (ನಡುಗಡ್ಡೆಯ) ತೆಂಗು.

ಬಸ್ರೂರಿಗೆ ಹೋಗುವವರಿಗೆ ಇನ್ನೊಂದು ಲಾಭವಿದೆ. ಇದರ ನೆಲೆ ಕುಂದಾಪುರ. ವಾರಾಹಿ, ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಕಿ ಎಂಬ ಐದು ಹೊಳೆಗಳು ಕೂಡಿ ಕಡಲು ಸೇರುವ ಜಾಗ ಅಲ್ಲೇ. ಎದುರು ದಡದಲ್ಲಿ ಗಂಗೊಳ್ಳಿಯ ಮೀನುಗಾರಿಕೆ ಬಂದರು. ಹಳೆಯ ಬಸ್ರೂರು ಹೇಗೆ ಗಜಿಬಿಜಿಯಾಗಿದ್ದಿರಬಹುದೆಂದು ತಿಳಿಯಬೇಕಾದರೆ ಬೆಳಗ್ಗೆ ಗಂಗೊಳ್ಳಿಯಲ್ಲಿ ನಿಲ್ಲಿ. ಕೋಟೇಶ್ವರದ ದೊಡ್ಡ ಕೆರೆ, ಒಂದು ಬದಿಗೆ ಕಡಲು ಇನ್ನೊಂದು ಬದಿಗೆ ಸೌಪರ್ಣಿಕಾ ಇರುವ ಮರವಂತೆಯ ರಸ್ತೆ ಎಲ್ಲವೂ ಹತ್ತಿರ. ಊಟದಲ್ಲಿ ಈ ನಾಲ್ಕು ಊರುಗಳ ಪೈಕಿ ಕುಂದಾಪುರಕ್ಕೇ ನನ್ನ ಮತ. ಕೋಳಿ ಸಾರು, ಮೀನಿನ ಗಸಿ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಮಾಂಸ, ಮೀನು ಮುಟ್ಟದವರಿಗೆ ಮಾತ್ರ ಹೊನ್ನಾವರ, ಕುಮಟೆಯ ಕಡೆಯ ಹವ್ಯಕರ ಅಡುಗೆ ಮೇಲು. ಯಾರದಾದರೂ ಮನೆಯೂಟ ಸಿಕ್ಕಿ, ಎಲೆಗೆ ತಂಬುಳಿ, ಅಪ್ಪೆಹುಳಿ ಬಿದ್ದರೆ ಹೋಟೆಲುಗಳನ್ನು ಮರೆಯುತ್ತೀರಿ.

ಬಾರ್ಕೂರು

ಬಾರ್ಕೂರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಊರು ಚಿಕ್ಕದೆಂದಲ್ಲ. ಇಲ್ಲಿ ಬಂದರಿನ ಭಾವ ಎಲ್ಲಕ್ಕಿಂತ ಕಡಿಮೆ. ಸೀತಾ ಹೊಳೆಯ ದಡದ ಈ ಊರು ತುಳುನಾಡನ್ನು ಆಳಿದ ಆಳುಪರ ರಾಜಧಾನಿಯಾಗಿತ್ತು, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರವಾಗಿತ್ತು. ಬಾರಕೂರು ಗದ್ಯಾಣ ಎಂಬ ನಾಣ್ಯ ಶಾಸನಗಳಲ್ಲಿ ಓಡಾಡುತ್ತದೆ. ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವೆಂದು ಜನ ಹೇಳುತ್ತಾರೆ. ಎಣಿಸಲು ಹೋಗಬೇಡಿ, ಆದರೆ ಒಂದು ದಿನಕ್ಕೆ ಸಾಕಾಗುವಷ್ಟು ಖಂಡಿತ ಇವೆ. ಕೋಟೆಕೇರಿಯ ಪಂಚಲಿಂಗೇಶ್ವರ, ಚೌಳಿಕೇರಿಯ ಗಣಪತಿ, ಪಾಳುಬಿದ್ದ ಕತ್ತಲೆ ಬಸದಿ ಈ ಮೂರನ್ನು ನೋಡಿದರೆ ಊರಿನ ಹದ ಸಿಗುತ್ತದೆ. ಕತ್ತಲೆ ಬಸದಿಯ ಕಲ್ಲುಗಳ ನಡುವೆ ಬೆಳಗಿನ ಬಿಸಿಲು ಬೀಳುವಾಗ ಅಲ್ಲಿರಿ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಕಟ್ಟಿಗೆ ತಳುಕು ಹಾಕಿಕೊಂಡಿರುವ ಭೂತಾಳಪಾಂಡ್ಯನ ಕಥೆಯನ್ನು ಹೋಗುವ ಮುನ್ನ ಯಾರಾದರೂ ಹಿರಿಯರ ಬಾಯಲ್ಲಿ ಕೇಳಿಕೊಂಡರೆ ಇನ್ನೂ ಒಳ್ಳೆಯದು.

ಹೊಳೆ ಬೇಕೆಂದರೆ ಬಾರ್ಕೂರಿನಲ್ಲಿ ನಿಲ್ಲದೆ ಹಂಗಾರಕಟ್ಟೆ, ಕೋಡಿಬೇಂಗ್ರೆಯ ಕಡೆಗೆ ಹೋಗಬೇಕು. ಸೀತಾ, ಸುವರ್ಣಾ ಹೊಳೆಗಳು ಅಲ್ಲಿ ಕಡಲು ಸೇರುತ್ತವೆ. ಬಾರ್ಕೂರಿನ ದೊಡ್ಡ ಅನುಕೂಲವೆಂದರೆ ಉಡುಪಿಯ ಸಾಮೀಪ್ಯ. ಉಡುಪಿಯಲ್ಲಿ ಉಳಿದುಕೊಂಡವರು ಬ್ರಹ್ಮಾವರದ ಮೂಲಕ ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಹಿಂತಿರುಗಬಹುದು. ಅದಕ್ಕಾಗಿಯೇ ರಜೆ ಹಾಕಬೇಕಾಗಿಲ್ಲ.

ಯಾರು, ಯಾವಾಗ, ಹೇಗೆ

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಮಿರ್ಜಾನದ ಬುರುಜು, ಗೇರುಸೊಪ್ಪದ ಕಾಡುದಾರಿ ಎರಡನ್ನೂ ಬಿಟ್ಟು ಕುಂದಾಪುರ, ಬಸ್ರೂರು ಆರಿಸಿಕೊಳ್ಳಲಿ. ದೇವಸ್ಥಾನಗಳ ಬಾಗಿಲವರೆಗೂ ವಾಹನ ಹೋಗುತ್ತದೆ, ಆನೆಗುಡ್ಡೆಯ ಗಣಪತಿಯೂ ಆಗುತ್ತದೆ. ಸ್ವಂತ ವಾಹನವಿಲ್ಲದೆ ಬಸ್ಸು, ರೈಲು ನಂಬಿ ಹೊರಡುವವರಿಗೂ ಇದೇ ಸಲೀಸು. ಕುಂದಾಪುರದ ರೈಲು ನಿಲ್ದಾಣ ಇರುವುದು ಪೇಟೆಯಲ್ಲಲ್ಲ, ಬಸ್ರೂರಿನ ದಾರಿಯ ಮೂಡ್ಲಕಟ್ಟೆಯಲ್ಲಿ. ಪೇಟೆಗೆ ಹೋಗುವವರಿಗೆ ಅದು ಕಿರಿಕಿರಿ, ಬಸ್ರೂರಿಗೆ ಹೋಗುವವರಿಗೆ ವರ.

ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿ ಓಡುವ ಪಂಚಗಂಗಾ ಎಕ್ಸ್‌ಪ್ರೆಸ್ ಕುಂದಾಪುರ, ಹೊನ್ನಾವರ, ಕುಮಟಾ ಮೂರರಲ್ಲೂ ನಿಲ್ಲುತ್ತದೆ. ಹೊನ್ನಾವರಕ್ಕೆ ಟಿಕೆಟ್ ತೆಗೆದುಕೊಂಡವರು ನಿಲ್ದಾಣ ಬರುವ ಮುನ್ನವೇ ಎದ್ದು ಕಿಟಕಿಗೆ ಬನ್ನಿ. ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲಿಯೇ ಅತಿ ಉದ್ದದ್ದು. ಬೆಳಕು ಹರಿದಿದ್ದರೆ ಆ ಕೆಲವು ನಿಮಿಷಗಳ ನೋಟಕ್ಕೆ ಟಿಕೆಟ್ ಹಣ ವಸೂಲಾಗುತ್ತದೆ.

ನಾಲ್ಕನ್ನೂ ಒಂದೇ ಪ್ರವಾಸದಲ್ಲಿ ಮುಗಿಸುವ ಆಸೆ ಬೇಡ. ಹೊನ್ನಾವರ ಮತ್ತು ಮಿರ್ಜಾನ ಒಂದು ಜೋಡಿ, ನಡುವೆ ಮೂವತ್ತು ಕಿಲೋಮೀಟರ್. ಬಸ್ರೂರು ಮತ್ತು ಬಾರ್ಕೂರು ಇನ್ನೊಂದು ಜೋಡಿ, ಅಂತರ ಹೆಚ್ಚುಕಡಿಮೆ ಅಷ್ಟೇ. ಈ ಎರಡು ಜೋಡಿಗಳ ನಡುವೆ ಹೆದ್ದಾರಿಯಲ್ಲಿ ನೂರು ಕಿಲೋಮೀಟರಿನಷ್ಟು ದೂರವಿದೆ, ದಾರಿಯಲ್ಲಿ ಮುರುಡೇಶ್ವರ, ಭಟ್ಕಳ, ಬೈಂದೂರು ಒಂದೊಂದೂ ಕೈ ಹಿಡಿದು ನಿಲ್ಲಿಸುತ್ತವೆ. ಮೂರು ದಿನಕ್ಕಿಂತ ಹೆಚ್ಚು ಇದ್ದರೆ ಮಾತ್ರ ಎರಡನ್ನೂ ಹೊಲಿಯಿರಿ.

ಕಾಲದ ವಿಷಯಕ್ಕೆ ಬಂದರೆ, ನವೆಂಬರ್‌ನಿಂದ ಫೆಬ್ರವರಿಯವರೆಗೆ ಎಲ್ಲವೂ ಚೆನ್ನ ಎಂದು ಎಲ್ಲರೂ ಹೇಳುತ್ತಾರೆ, ಅದು ಸರಿಯೇ. ನನ್ನ ಆಯ್ಕೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. ಮಳೆ ಬಿಡುವು ಕೊಡುತ್ತದೆ, ಮಿರ್ಜಾನದ ಗೋಡೆಯ ಹಸಿರು ಇನ್ನೂ ಉಳಿದಿರುತ್ತದೆ, ಗಜನಿಯಲ್ಲಿ ಕಗ್ಗ ಕೊಯ್ಲಿಗೆ ಹತ್ತಿರವಾಗಿರುತ್ತದೆ. ಜೂನ್, ಜುಲೈಯಲ್ಲಿ ಹೊಳೆಯ ಮೇಲೆ ಹೋಗುವ ಯೋಚನೆಯೇ ಬೇಡ.

ದೋಣಿ ಹತ್ತುವ ಯೋಚನೆ ಇದ್ದರೆ ತಿಂಗಳಿಗಿಂತ ತಿಥಿ ಮುಖ್ಯ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ, ಇಳಿತ ಎರಡೂ ಜೋರು. ಕಾಂಡ್ಲಾ ವನದ ಬೇರು, ಬಳಚು ಆರಿಸುವುದನ್ನು ನೋಡಬೇಕಾದರೆ ಆ ದಿನಗಳ ಇಳಿತದ ಹೊತ್ತು ಒಳ್ಳೆಯದು; ಹೊಳೆಯ ಮೇಲೆ ದೂರ ಹೋಗಬೇಕಾದರೆ ಉಬ್ಬರ ಶುರುವಾಗುವ ಹೊತ್ತು. ಇದು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದಕ್ಕೆ ಹೋಗುತ್ತದೆ. ಹಿಂದಿನ ಸಂಜೆಯೇ ದಡಕ್ಕೆ ಹೋಗಿ, ಬಲೆ ಒಣಹಾಕುತ್ತಿರುವ ಯಾರನ್ನಾದರೂ ನಾಳೆ ನೀರು ಎಷ್ಟು ಹೊತ್ತಿಗೆ ಏರುತ್ತದೆ ಎಂದು ಕೇಳಿ. ಗಡಿಯಾರ ನೋಡದೆ ಹೇಳುತ್ತಾರೆ.